ಕ್ಷಯವಲ್ಲದ ಕ್ಷಯ

ಎರಡು ವಾರ ಮೀರಿದ ಕೆಮ್ಮು, ಸಂಜೆಗೆ ತಲೆದೋರುವ ಜ್ವರ, ದಿನದಿನಕ್ಕೆ ಇಳಿಯುವ ಮೈತೂಕ—ಇವಿಷ್ಟು ಕೂಡಿದರೆ, ಮನೆಮಂದಿ ಬಾಯಿಬಿಟ್ಟು ಹೇಳಲೊಲ್ಲದ ಹೆಸರೊಂದು ಎಲ್ಲರ ಮನಸ್ಸಿನಲ್ಲಿಯೂ ಸುಳಿಯುತ್ತದೆ. ಕಫದಲ್ಲಿ ರೋಗಾಣು ಕಂಡಿತೆಂದರೆ ಸಂಶಯವೇ ಉಳಿಯದು. ರೋಗಿಯ ತಟ್ಟೆ ಲೋಟಗಳು ಬೇರೆಯಾಗುತ್ತವೆ. ಮಗಳ ಮದುವೆಯ ಮಾತು ಮುಂದಕ್ಕೆ ಹೋಗುತ್ತದೆ. (ತಟ್ಟೆ ಲೋಟಗಳಿಂದ ಕ್ಷಯ ಹರಡುವುದಿಲ್ಲವೆಂಬುದನ್ನು ಕೇಳುವ ವ್ಯವಧಾನ ಯಾರಿಗೆ?)

ಭಾರತದಲ್ಲಿ ಬಹುಮಂದಿಯ ವಿಷಯದಲ್ಲಿ ಈ ನಿರ್ಣಯ ಸರಿಯಾದುದೇ. ಆದರೆ ಕೆಲವರು ತಿಂಗಳುಗಟ್ಟಲೆ ಮಾತ್ರೆ ನುಂಗಿದರೂ ಕೆಮ್ಮು ನಿಲ್ಲದು. ಕಫದಲ್ಲಿನ ರೋಗಾಣು ಮಾಯವಾಗದು. ಆಗ ಅದು ಮದ್ದಿಗೆ ಬಗ್ಗದ ಕ್ಷಯವೆಂದು ಭಾವಿಸಿ ಇನ್ನಷ್ಟು ಉಗ್ರವಾದ ಔಷಧಗಳನ್ನು ಕೊಡುವುದುಂಟು. ಅವುಗಳಲ್ಲಿ ಕೆಲವು ಕೈಕಾಲುಗಳ ನರಗಳನ್ನು ಕೆಡಿಸಬಲ್ಲವು. ಅದು ಕ್ಷಯವೇ ಅಲ್ಲದಿದ್ದರೆ?

1882ರಲ್ಲಿ ರಾಬರ್ಟ್ ಕಾಖ್ ಕ್ಷಯಾಣುವನ್ನು ಜಗತ್ತಿಗೆ ತೋರಿಸಿಕೊಟ್ಟನು. ಅದರ ಮೈಮೇಲೆ ಮೇಣದಂತಹ ಕವಚವಿದೆ. ಒಮ್ಮೆ ಕೆಂಪು ಬಣ್ಣ ಹಿಡಿದರೆ ಆಮ್ಲದಿಂದ ತೊಳೆದರೂ ಬಿಡದು. ಝೀಲ್ ಮತ್ತು ನೀಲ್ಸನ್ ಎಂಬ ಜರ್ಮನ್ ವೈದ್ಯರ ಹೆಸರಿನ ಕಫಪರೀಕ್ಷೆಗೆ ಇದೇ ಆಧಾರ. ತೊಡಕೆಂದರೆ, ಈ ಕವಚ ಕ್ಷಯಾಣುವೊಂದರದೇ ಸೊತ್ತಲ್ಲ. ಅದರ ಕುಲಬಾಂಧವರು 150ಕ್ಕೂ ಮಿಕ್ಕ ಜಾತಿಗಳಲ್ಲಿ ಮಣ್ಣಿನಲ್ಲಿ, ನೀರಿನಲ್ಲಿ, ನಲ್ಲಿಯ ಕೊಳವೆಯ ಒಳಮೈಯಲ್ಲಿ ನೆಮ್ಮದಿಯಾಗಿ ವಾಸಿಸುತ್ತಾರೆ. ಕ್ಲೋರಿನ್ನಿಗೂ ಸುಲಭವಾಗಿ ಸೋಲರು. ಸೂಕ್ಷ್ಮದರ್ಶಕದ ಕೆಳಗೆ ಎಲ್ಲರೂ ಕೆಂಪು ಕಡ್ಡಿಗಳೇ. 1953ರಲ್ಲಿ ಅಮೆರಿಕದ ಬೂಲರ್ ಮತ್ತು ಪೊಲಾಕ್ ಎಂಬ ವೈದ್ಯರು, ಕ್ಷಯದಂತೆಯೇ ಶ್ವಾಸಕೋಶವನ್ನು ಕೊರೆಯುವ ಹಳದಿ ರೋಗಾಣುವೊಂದನ್ನು ವರ್ಣಿಸಿದರು. ಕನ್ಸಾಸಿಯೈ ಎಂಬುದು ಅದಕ್ಕೆ ಅನಂತರ ಬಂದ ಹೆಸರು.

ಆರೋಗ್ಯವಂತರನ್ನು ಈ ನೆಂಟರು ಸಾಮಾನ್ಯವಾಗಿ ಬಾಧಿಸರು. ಹಿಂದೆ ನಿಜವಾದ ಕ್ಷಯದಿಂದಲೇ ಶ್ವಾಸಕೋಶ ಜಖಂಗೊಂಡವರಲ್ಲಿ ಅವು ಸುಲಭವಾಗಿ ನೆಲೆಯೂರುತ್ತವೆ. ಭ್ರಮೆಗೆ ಇದಕ್ಕಿಂತ ಅನುಕೂಲವಾದ ಸನ್ನಿವೇಶ ಬೇರುಂಟೆ? ಹಳೆಯ ರೋಗ ಮರುಕಳಿಸಿತೆಂದೇ ಎಲ್ಲರ ಎಣಿಕೆ. ಶಸ್ತ್ರಚಿಕಿತ್ಸೆಯ ಗಾಯವೂ ಅವುಗಳಿಗೆ ಒಂದು ದಾರಿ. ದೂರದರ್ಶಕ ನಳಿಕೆಯಿಂದ ಹೊಟ್ಟೆಯ ಶಸ್ತ್ರಚಿಕಿತ್ಸೆ ಮಾಡುವಾಗ, ಉಪಕರಣಗಳನ್ನು ನಲ್ಲಿಯ ನೀರಿನಲ್ಲಿ ತೊಳೆದಿದ್ದರೆ, ಮಾಯ್ದ ಗಾಯ ವಾರಗಳ ಮೇಲೆ ಮತ್ತೆ ಕೀವುಗಟ್ಟುವುದುಂಟು. ಆ ಕೀವಿನಲ್ಲಿಯೂ ಅದೇ ಕೆಂಪು ಕಡ್ಡಿ!

ಹಾಗಾದರೆ ಗುರುತಿಸುವ ಬಗೆ? ಕಫವನ್ನು ಪ್ರಯೋಗಾಲಯದಲ್ಲಿ ಬೆಳೆಸಿ, ಬೆಳೆದುದರ ಜಾತಿಯನ್ನು ಕಂಡುಹಿಡಿಯಬೇಕು. ಇದಕ್ಕೆ ವಾರಗಳೇ ಹಿಡಿಯಬಹುದು. ಕ್ಷಯಾಣುವಿನ ವಂಶಾಂಶವನ್ನು ಮಾತ್ರ ಹುಡುಕುವ ಶೀಘ್ರ ಪರೀಕ್ಷೆ ಇಂದು ಉಂಟು. ಕೆಂಪು ಕಡ್ಡಿಗಳು ಕಂಡೂ ಈ ಪರೀಕ್ಷೆ ಇಲ್ಲವೆಂದರೆ, ಬೇರೊಬ್ಬನಿರಬಹುದೆಂದು ವೈದ್ಯರು ಶಂಕಿಸುತ್ತಾರೆ. ಆದರೂ ಒಂದೇ ಕಫದಿಂದ ತೀರ್ಮಾನಿಸುವಂತಿಲ್ಲ; ನಲ್ಲಿಯ ನೀರಿನ ಜೀವಿ ಸೀಸೆಯೊಳಗೂ ಬಂದಿರಬಹುದಲ್ಲವೆ? ಆದುದರಿಂದ ಬೇರೆ ಬೇರೆ ದಿನದ ಎರಡು ಕಫಗಳಲ್ಲಾದರೂ ಒಂದೇ ಜಾತಿ ಬೆಳೆಯಬೇಕೆಂಬುದು ನಿಯಮ.

ಚಿಕಿತ್ಸೆ ಜಾತಿಗೊಂದು ತೆರ. ಕನ್ಸಾಸಿಯೈ ಕ್ಷಯದ ಮದ್ದಾದ ರಿಫಾಂಪಿಸಿನ್ನಿಗೆ ಮಣಿಯುತ್ತದೆ. ಏವಿಯಮ್ ಗುಂಪಿಗೆ ಅಜಿತ್ರೋಮೈಸಿನ್ ಮುಖ್ಯ. ಜೊತೆಗೆ ಬೇರೆ ಮದ್ದುಗಳೂ ಬೇಕು. ಕಫ ಶುದ್ಧವಾದ ಮೇಲೂ 12 ತಿಂಗಳು ಇವನ್ನು ಮುಂದುವರಿಸಬೇಕು. ಅಬ್ಸೆಸಸ್ ಎಂಬುದಂತೂ ಮಹಾ ಹಟಮಾರಿ. ಇದನ್ನೋದಿ ಕ್ಷಯದ ಮಾತ್ರೆಗಳನ್ನು ತಾವಾಗಿಯೇ ಯಾರೂ ನಿಲ್ಲಿಸಬಾರದು. ಬೆಳೆಸಿ ನೋಡಿಸಿದಿರಾ ಎಂದು ವೈದ್ಯರನ್ನು ಕೇಳುವುದರಲ್ಲಿ ಮಾತ್ರ ತಪ್ಪೇನೂ ಇಲ್ಲ.