ತಿರುಗುವ ನರ್ತಕಿ, ಬನವಾಸಿಯ ನಂದಿ

ಇಸಳೂರಿನಂಥ ಹಳ್ಳಿಯ ವಾಟ್ಸಾಪ್ ಗ್ರೂಪುಗಳಿಗೂ ಬಂದಿರಬಹುದು ಈ ವಿಡಿಯೋ: ಒಂಟಿಕಾಲಲ್ಲಿ ಗಿರ್ರನೆ ತಿರುಗುವ ನರ್ತಕಿಯ ಕಪ್ಪು ಆಕೃತಿ. ಗಡಿಯಾರದ ಮುಳ್ಳಿನಂತೆ ತಿರುಗಿದರೆ ನಿಮ್ಮದು ಬಲಮೆದುಳು, ಕಲಾವಿದರು ನೀವು. ಉಲ್ಟಾ ತಿರುಗಿದರೆ ಎಡಮೆದುಳು, ಲೆಕ್ಕದಲ್ಲಿ ಗಟ್ಟಿಗರು. ಶುದ್ಧ ಬುರುಡೆ!

2003ರಲ್ಲಿ ಜಪಾನಿನ ನೊಬುಯುಕಿ ಕಯಹಾರ ಮಾಡಿದ ಚಿತ್ರ ಅದು. ಯಾವ ಕಾಲು ಮುಂದೆ, ಯಾವುದು ಹಿಂದೆ ಎಂಬ ಸುಳಿವೇ ಇಲ್ಲ. ಮೆದುಳು ತಾನೇ ಒಂದು ದಿಕ್ಕು ಊಹಿಸಿಕೊಳ್ಳುತ್ತದೆ. ಪಾದವನ್ನಷ್ಟೇ ದಿಟ್ಟಿಸಿ, ರೆಪ್ಪೆ ಬಡಿಯಿರಿ. ತಟ್ಟನೆ ದಿಕ್ಕು ಬದಲಾದೀತು. ಅಷ್ಟರಲ್ಲೇ ಕಲಾವಿದ ಗಣಿತಜ್ಞನಾಗಿಬಿಟ್ಟನೇ?

ಕಣ್ಣಿಗೂ ಮೆದುಳಿನ ಎಡ-ಬಲಕ್ಕೂ ಇರುವ ನಂಟು ತಿಳಿಯಲು ಬನವಾಸಿಗೆ ಬನ್ನಿ. ಅಲ್ಲಿನ ಮಧುಕೇಶ್ವರ ದೇಗುಲದ ನಂದಿ ಒಂದು ಕಣ್ಣಲ್ಲಿ ಶಿವನನ್ನು, ಇನ್ನೊಂದರಲ್ಲಿ ಪಾರ್ವತಿಯನ್ನು ನೋಡುತ್ತಾನೆ ಅಂತಾರೆ. ನಮಗೆ ಆ ಭಾಗ್ಯವಿಲ್ಲ. ನಮ್ಮ ಒಂದೊಂದು ಕಣ್ಣಿನ ನರವೂ ಕವಲೊಡೆದು ಮೆದುಳಿನ ಎರಡೂ ಹೋಳಿಗೆ ಹೋಗುತ್ತದೆ: ಎಡಬದಿಯ ನೋಟ ಬಲಹೋಳಿಗೆ, ಬಲಬದಿಯದು ಎಡಹೋಳಿಗೆ.

ಮೂರ್ಛೆರೋಗದ ಚಿಕಿತ್ಸೆಗೆಂದು ಹೋಳುಗಳ ನಡುವಿನ ನರಗಳನ್ನು ಕತ್ತರಿಸಿಕೊಂಡಿದ್ದವರನ್ನು ಪರೀಕ್ಷಿಸಿದ ರೋಜರ್ ಸ್ಪೆರಿಗೆ 1981ರ ನೊಬೆಲ್ ಬಂತು. ಎಡ-ಬಲದ ಕಥೆ ಹಬ್ಬಿದ್ದು ಆ ಕೆಲಸದಿಂದಲೇ. ಮಾತು ಹೆಚ್ಚಿನವರಲ್ಲಿ ಎಡಹೋಳಿನ ಕೆಲಸ, ಅದೇನೋ ನಿಜ. ಆದರೆ 2013ರಲ್ಲಿ ಯೂಟಾ ವಿಶ್ವವಿದ್ಯಾಲಯದವರು ಸಾವಿರಕ್ಕೂ ಹೆಚ್ಚು ಜನರ ಮೆದುಳಿನ ಸ್ಕ್ಯಾನ್ ತಡಕಾಡಿದರು. ಇಡೀ ಒಂದು ಹೋಳೇ ಯಜಮಾನಿಕೆ ನಡೆಸುವ ಮನುಷ್ಯರ ಗುಂಪು ಸಿಗಲಿಲ್ಲ.