ಹೊತ್ತು ಮುಳುಗಿದ ಮೇಲೆ ಹತ್ತಿರವಾಗುತ್ತಿದ್ದ ಊರುಗಳು

ನಮ್ಮ ಚಳ್ಳಕೆರೆ ಸೀಮೆಯಲ್ಲಿ ಹಗಲು ಹೊತ್ತು ಟ್ರಾನ್ಸಿಸ್ಟರ್ ಹಚ್ಚಿದರೆ ಮೀಡಿಯಂ ವೇವ್‌ನಲ್ಲಿ ಚೆನ್ನಾಗಿ ಸಿಗುತ್ತಿದ್ದುದು ಭದ್ರಾವತಿ, ಬೆಂಗಳೂರು, ಧಾರವಾಡ, ಅಷ್ಟೇ. ಮುಳ್ಳನ್ನು ಬೇರೆಲ್ಲಿ ನಿಲ್ಲಿಸಿದರೂ ಬರೀ ಕರಕರ. ದೀಪ ಹಚ್ಚುವ ಹೊತ್ತಾದರೆ ಅದೇ ಪಟ್ಟಿ ತುಂಬಿಕೊಳ್ಳತೊಡಗುತ್ತಿತ್ತು. ವಿಜಯವಾಡದ ತೆಲುಗು, ತಿರುಚಿರಾಪಳ್ಳಿಯ ತಮಿಳು, ಆಲಪ್ಪುಳದ ಮಲಯಾಳ, ಪುಣೆಯ ಮರಾಠಿ. ಊಟ ಮುಗಿದು ಊರು ಮಲಗುವಷ್ಟರಲ್ಲಿ ಬೆರಳಗಲದ ಜಾಗದಲ್ಲಿ ಎರಡು ಮೂರು ಸ್ಟೇಷನ್‌ಗಳು ಒಂದರ ಮೇಲೊಂದು ಬಿದ್ದು ಜಾಗಕ್ಕಾಗಿ ಕಾದಾಡುತ್ತಿದ್ದವು.

ಸಿಲೋನ್ ರೇಡಿಯೋದ ಬಗ್ಗೆ, ಅಮೀನ್ ಸಯಾನಿಯವರ ದನಿಯ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ. ಬರೆಯಬೇಕಾದದ್ದೇ. 1952ರಲ್ಲಿ ಶುರುವಾದ ಬಿನಾಕಾ ಗೀತಮಾಲಾ ಕೇಳಲು ಜನ ಬುಧವಾರಕ್ಕೆ ಕಾಯುತ್ತಿದ್ದರು. ಆದರೆ ಅದು ಶಾರ್ಟ್ ವೇವ್, ದೂರದೂರಿಗೆ ತಲುಪಲೆಂದೇ ಮಾಡಿದ್ದು. ಮೀಡಿಯಂ ವೇವ್ ಹಾಗಲ್ಲ. ಅದು ಸುತ್ತಲ ಜಿಲ್ಲೆಗಳಿಗೆಂದು ಇಟ್ಟದ್ದು, ರಾತ್ರಿಯಾದರೆ ತಾನಾಗಿಯೇ ಗಡಿ ದಾಟಿ ಹೋಗುತ್ತಿತ್ತು. ನಮಗೆಂದು ಯಾರೂ ಕಳಿಸದ ಮಾತು ನಮ್ಮ ಮನೆಗೆ ಬರುತ್ತಿದ್ದ ಆ ಸೋಜಿಗದ ಬಗ್ಗೆ ಯಾಕೋ ನಾವು ಕಡಿಮೆ ಮಾತಾಡಿದ್ದೇವೆ.

ಇದಕ್ಕೆ ಕಾರಣ ಸೂರ್ಯ. ನೆಲದಿಂದ ಸುಮಾರು 60ರಿಂದ 90 ಕಿಲೋಮೀಟರ್ ಎತ್ತರದಲ್ಲಿ ಬಿಸಿಲಿನಿಂದಲೇ ಹುಟ್ಟುವ ವಿದ್ಯುದಾವೇಶದ ಪದರವೊಂದಿದೆ. ಹಗಲೆಲ್ಲ ಅದು ಮೀಡಿಯಂ ವೇವ್ ತರಂಗಗಳನ್ನು ಹೀರಿಕೊಂಡುಬಿಡುತ್ತದೆ. ಬಿಸಿಲು ಹೋದ ಸ್ವಲ್ಪ ಹೊತ್ತಿನಲ್ಲೇ ಅದು ಕರಗುತ್ತದೆ. ಅದರಾಚೆಗಿನ ಪದರಗಳು ಮಾತ್ರ ರಾತ್ರಿಯೂ ಉಳಿದು, ತರಂಗಗಳನ್ನು ನೂರಾರು ಕಿಲೋಮೀಟರ್ ದೂರದ ನೆಲಕ್ಕೆ ವಾಪಸು ಕಳಿಸುತ್ತವೆ. ಇಂಗ್ಲೆಂಡಿನ ಎಡ್ವರ್ಡ್ ಆಪಲ್ಟನ್ 1924ರಲ್ಲಿ ಇದನ್ನು ಪ್ರಯೋಗದಿಂದ ತೋರಿಸಿದರು. ಬೋರ್ನ್‌ಮತ್‌ನ ಬಿಬಿಸಿ ಟ್ರಾನ್ಸ್‌ಮಿಟರಿನಿಂದ ನಡುರಾತ್ರಿಯ ನಂತರ ಹೊರಟ ತರಂಗವನ್ನು ಆಕ್ಸ್‌ಫರ್ಡ್‌ನಲ್ಲಿ ಹಿಡಿದು, ಸದ್ದು ಏರಿ ಇಳಿಯುವ ಬಗೆಯನ್ನು ನೋಡಿಯೇ ಪದರದ ಎತ್ತರ ಲೆಕ್ಕ ಹಾಕಿದರು. 1947ರಲ್ಲಿ ಅವರಿಗೆ ನೊಬೆಲ್ ಬಂತು. ರಾತ್ರಿ ಹಾಡು ಕೇಳುತ್ತಿರುವಾಗ ದನಿ ಇದ್ದಕ್ಕಿದ್ದಂತೆ ಬಾವಿಗಿಳಿದಂತೆ ಕ್ಷೀಣವಾಗಿ ಮತ್ತೆ ಮೇಲೇಳುತ್ತಿತ್ತಲ್ಲ, ಆಪಲ್ಟನ್ ಅಳೆದದ್ದು ಅಂಥ ಏರಿಳಿತವನ್ನೇ.

ಶೇಂಗಾ ಕಿತ್ತು ಕಣಕ್ಕೆ ಹಾಕಿದ ಮೇಲೆ ರಾತ್ರಿ ಕಾಯಲು ಯಾರಾದರೂ ಮಲಗಲೇಬೇಕು. ನಮ್ಮಲ್ಲಿ ಚಿಕ್ಕಪ್ಪ ಹೋಗುತ್ತಿದ್ದರು, ಜತೆಗೆ ನಾನು. ಕಂಬಳಿ, ಬ್ಯಾಟರಿ, ಚರ್ಮದ ಕವರಿನ ಟ್ರಾನ್ಸಿಸ್ಟರ್. ಸೆಲ್ಲುಗಳನ್ನು ಹಗಲೇ ಬಿಸಿಲಿಗಿಟ್ಟಿರುತ್ತಿದ್ದೆವು, ಹಾಗೆ ಮಾಡಿದರೆ ಇನ್ನೆರಡು ರಾತ್ರಿ ಬರುತ್ತವೆ ಎಂಬ ನಂಬಿಕೆ. ಚಿಕ್ಕಪ್ಪ ಕಿವಿ ತಿರುಗಿಸುತ್ತಿದ್ದುದು ಕೂದಲೆಳೆಯಷ್ಟು. ಸ್ಟೇಷನ್ ಕೂತ ಮೇಲೆ ಕೈ ಬಿಟ್ಟು, ಇಡೀ ಸೆಟ್ಟನ್ನೇ ಕಂಬಳಿಯ ಮೇಲೆ ನಿಧಾನ ತಿರುಗಿಸುವರು. ಒಂದು ದಿಕ್ಕಿಗೆ ಇಟ್ಟಾಗ ತಮಿಳು ಸತ್ತು ತೆಲುಗು ಉಳಿಯುತ್ತಿತ್ತು, ಇನ್ನೊಂದು ದಿಕ್ಕಿಗೆ ಅದೇ ತಿರುಗುಮುರುಗು. ಒಳಗಿರುವ ಕಪ್ಪು ಕಡ್ಡಿ, ಅದಕ್ಕೆ ಸುತ್ತಿದ ತಾಮ್ರದ ತಂತಿಯೇ ಏರಿಯಲ್ಲು. ಕಡ್ಡಿಯ ತುದಿ ಯಾವ ಸ್ಟೇಷನ್ ಕಡೆಗೆ ತಿರುಗುತ್ತದೋ ಆ ಸ್ಟೇಷನ್ ಸೊರಗುತ್ತದೆ. ಕಡ್ಡಿ, ತಂತಿಯ ವಿಚಾರ ಚಿಕ್ಕಪ್ಪನಿಗೆ ಬೇಕಿರಲಿಲ್ಲ. ಯಾವ ಊರು ಯಾವ ದಿಕ್ಕಿಗಿದೆ ಎಂದು ನಾನು ಕಲಿತದ್ದು ಮಾತ್ರ ಭೂಪಟಕ್ಕಿಂತ ಮೊದಲು ಆ ಕಂಬಳಿಯ ಮೇಲೆ.

ಇನ್ನೊಂದನ್ನೂ ಅವರಿಂದಲೇ ಕಲಿತೆ. ಆಕಾಶ ನಿರ್ಮಲವಾಗಿರುವಾಗಲೂ ಕೆಲವೊಮ್ಮೆ ಹಾಡಿನ ನಡುವೆ "ಕರ್‌ರ್" ಎಂದು ಹರಿದಂಥ ಸದ್ದು ಬರುತ್ತಿತ್ತು. ಒಂದು, ಸ್ವಲ್ಪ ತಡೆದು ಇನ್ನೊಂದು. "ಲೇ, ಎದ್ದೇಳು, ಎಲ್ಲೋ ಮಿಂಚ್ತೈತೆ. ಟಾರ್ಪಾಲು ತಗಾ" ಎನ್ನುವರು. ದೂರದ ಮಿಂಚಿನ ಸುದ್ದಿ ಕಣ್ಣಿಗೂ ಕಿವಿಗೂ ಬರುವ ಮೊದಲು ಮೀಡಿಯಂ ವೇವ್‌ಗೆ ಬಂದಿರುತ್ತಿತ್ತು. ಮಳೆ ಪ್ರತಿ ಸಲ ನಮ್ಮ ಕಣಕ್ಕೇ ಬರುತ್ತಿರಲಿಲ್ಲ, ಆದರೆ ರಾಶಿ ಮುಚ್ಚಿಟ್ಟದ್ದಕ್ಕೆ ಯಾರೂ ಬೇಸರಪಟ್ಟಿದ್ದಿಲ್ಲ.

ಹೈಸ್ಕೂಲಿಗೆ ಬಂದ ಮೇಲೆ ನಾನು ಸ್ಟೇಷನ್‌ಗಳ ಅಂಕಿ ಬರೆದಿಡತೊಡಗಿದೆ. ಬೆಂಗಳೂರು 612, ಧಾರವಾಡ 765, ವಿಜಯವಾಡ 837, ತಿರುಚಿ 936. ಎಲ್ಲವೂ ಒಂಬತ್ತರ ಮಗ್ಗಿಯಲ್ಲಿ ಬರುವ ಅಂಕಿಗಳೇ. ಏಷ್ಯಾ, ಆಫ್ರಿಕಾ, ಯುರೋಪುಗಳ ಮೀಡಿಯಂ ವೇವ್ ಸ್ಟೇಷನ್‌ಗಳನ್ನು 9 ಕಿಲೋಹರ್ಟ್ಸ್ ಅಂತರಕ್ಕೆ ಜೋಡಿಸುವ ಒಪ್ಪಂದ 1978ರಿಂದ ಜಾರಿಗೆ ಬಂದದ್ದು ಆಗ ಗೊತ್ತಿರಲಿಲ್ಲ. ಯಾರೋ ಕೂತು ಅರ್ಧ ಭೂಮಂಡಲಕ್ಕೆ ಜಾಗ ಹಂಚಿಕೊಟ್ಟಿದ್ದಾರೆ ಎನ್ನುವುದು ನನಗೆ ಈಗಲೂ ದೊಡ್ಡ ಮಾತಾಗಿಯೇ ಕಾಣುತ್ತದೆ.

ದೊಡ್ಡ ಸ್ಟೇಷನ್‌ಗಳ ಜೋರೇ ಬೇರೆ. ಪಾಕಿಸ್ತಾನದ ಕಡೆಗೆಂದು ರಾಜ್‌ಕೋಟ್‌ನಿಂದ ಹೊರಡುತ್ತಿದ್ದ ಆಕಾಶವಾಣಿಯ ಉರ್ದು ಸರ್ವಿಸ್, 1071ರಲ್ಲಿ, 1000 ಕಿಲೋವಾಟ್. ಶ್ರೀಲಂಕಾದ ಪುತ್ತಲಂನಿಂದ 882ರಲ್ಲಿ, ಭಾರತದ ಹಲವು ಭಾಷೆಗಳಲ್ಲಿ ಕ್ರೈಸ್ತ ಕಾರ್ಯಕ್ರಮಗಳು. 1988ರಲ್ಲಿ ನಾಗಪುರದಿಂದ 1566ರಲ್ಲಿ ಶುರುವಾದ ನ್ಯಾಷನಲ್ ಚಾನೆಲ್ ಅಂತೂ ರಾತ್ರಿಯ ಪಾಳಿಯವರ ಸ್ಟೇಷನ್ನು. ಉಳಿದ ಆಕಾಶವಾಣಿಗಳು ಹನ್ನೊಂದರ ಆಸುಪಾಸಿಗೆ ಬಾಗಿಲು ಹಾಕಿದ ಮೇಲೂ ಅದು ಬೆಳಗಿನವರೆಗೆ ಎಚ್ಚರವಿರುತ್ತಿತ್ತು. 2019ರ ಆರಂಭದಲ್ಲಿ ಅದನ್ನು ನಿಲ್ಲಿಸಿದರು. ಲಾರಿ ಚಾಲಕ, ವಾಚ್‌ಮನ್, ಆಸ್ಪತ್ರೆಯಲ್ಲಿ ರೋಗಿಯ ಮಗ್ಗುಲಲ್ಲಿ ಕೂತವರು, ಇಂಥವರಿಗಾಗಿ ಸರ್ಕಾರ ಇಡೀ ರಾತ್ರಿ ಒಂದು ದನಿಯನ್ನು ಎಚ್ಚರ ಇಟ್ಟಿತ್ತು. ನಿಂತಾಗ ಅದಕ್ಕೆ ಸಿಗಬೇಕಾದಷ್ಟು ದುಃಖ ಸಿಗಲಿಲ್ಲ ಎಂದೇ ನನ್ನ ಭಾವನೆ.

ಈಗ ಸಂಜೆ ಮನೆಯೊಳಗೆ ಹಳೇ ಸೆಟ್ ಹಚ್ಚಿದರೆ ಕೇಳುವುದು ನಮ್ಮದೇ ಮನೆಯ ಗದ್ದಲ. ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರು, ಇನ್ವರ್ಟರು ಎಲ್ಲವೂ ಮೀಡಿಯಂ ವೇವ್ ಪಟ್ಟಿಯ ಮೇಲೆ ಗುಂಯ್‌ಗುಡುತ್ತವೆ. ದೂರದ ಸ್ಟೇಷನ್ ಬರುತ್ತಿದ್ದರೂ ಅದರಡಿ ಹೂತುಹೋಗಿರುತ್ತದೆ. ಕರೆಂಟು ಹೋದಾಗ ಅಥವಾ ಹೊಲಕ್ಕೆ ಒಯ್ದಾಗ ಪಟ್ಟಿ ಮತ್ತೆ ಬಿಚ್ಚಿಕೊಳ್ಳುತ್ತದೆ.

ಆಕಾಶವಾಣಿ ಮೀಡಿಯಂ ವೇವ್ ಟ್ರಾನ್ಸ್‌ಮಿಟರ್‌ಗಳನ್ನು ಒಂದೊಂದಾಗಿ ಕೈಬಿಡುತ್ತಾ ಬಂದಿದೆ. ಎಫ್ಎಂ ಸ್ವಚ್ಛವಾಗಿ ಕೇಳುತ್ತದೆ, ಕರೆಂಟಿನ ಖರ್ಚು ಕಡಿಮೆ, ಇದೆಲ್ಲ ನಿಜವೇ. ಆದರೆ ಎಫ್ಎಂ ಗುಡ್ಡದಾಚೆ ಹೋಗಲು ಒದ್ದಾಡುತ್ತದೆ. ಅಕ್ಕಲಕೋಟೆ, ಜತ್ತ, ಸೋಲಾಪುರದ ಕನ್ನಡದವರು, ಇತ್ತ ಮಡಕಶಿರಾದವರು ರಾಜ್ಯದ ಗೆರೆಯಾಚೆ ಇದ್ದಾರೆ. ಅವರ ಮನೆಗೆ ಕನ್ನಡದ ವಾರ್ತೆಯನ್ನು, ಸುಗಮ ಸಂಗೀತವನ್ನು ಯಾರ ಅಪ್ಪಣೆಯನ್ನೂ ಕೇಳದೆ, ಡೇಟಾ ಪ್ಯಾಕಿನ ಹಂಗಿಲ್ಲದೆ ಮುಟ್ಟಿಸಬಲ್ಲದ್ದು ಧಾರವಾಡದ 765ರಂಥ ಟ್ರಾನ್ಸ್‌ಮಿಟರ್. 1950ರಿಂದ ಆಡಿಕೊಂಡು ಬಂದ ಸ್ಟೇಷನ್ ಅದು. ಕೇಳುಗರು ಎಷ್ಟಿದ್ದಾರೆ ಎಂದು ಎಣಿಸಲು ಹೊರಡುವ ಅಧಿಕಾರಿಗಳು ಧಾರವಾಡದ ಸುತ್ತಮುತ್ತ ಮಾತ್ರ ವಿಚಾರಿಸಿದರೆ ಸಾಲದು, ರಾತ್ರಿ ಒಂಬತ್ತರ ಮೇಲೆ ಅಕ್ಕಲಕೋಟೆಯ ಕಡೆಯ ಹೊಲಗಳಲ್ಲೂ ಕೇಳಿನೋಡಬೇಕು.