ಯಾವ ಆಪರೇಟಿಂಗ್ ಸಿಸ್ಟಮ್ ಲೇಸು?

ಕುರ್ಲಾ ಎಂದರೆ ಸ್ವದೇಶಿ ಗಿರಣಿ, ಪ್ರೀಮಿಯರ್ ಮೋಟಾರು ಕಾರಖಾನೆ ಎನ್ನುವ ಕಾಲವೊಂದಿತ್ತು. ಈಗ ನಮ್ಮ ಮಕ್ಕಳು ಬೆನ್ನಿಗೆ ಲ್ಯಾಪ್‌ಟಾಪಿನ ಚೀಲವೇರಿಸಿ ಬಾಂದ್ರಾ-ಕುರ್ಲಾ ಸಂಕೀರ್ಣದ ಕಡೆಗೋ ಪವಾಯಿಗೋ ಹೊರಡುತ್ತಾರೆ. ಮಗನೋ ಮಗಳೋ ಸಾಫ್ಟ್‌ವೇರಿನ ಕಸುಬಿಗೆ ಇಳಿದೊಡನೆ ಮನೆಯಲ್ಲಿ ಚರ್ಚೆ ಏಳುತ್ತದೆ: ವಿಂಡೋಸೋ, ಮ್ಯಾಕೋ, ಲಿನಕ್ಸೋ? ಅರ್ಧ ವರ್ಷದ ಉಳಿತಾಯ ಇದರಲ್ಲಿ ಸಿಕ್ಕಿಕೊಂಡಿರುವುದರಿಂದ ವಿಷಯ ಹಗುರವಾದುದಲ್ಲ.

ನಮ್ಮ ಮತವನ್ನು ಮೊದಲೇ ಹೇಳಿಬಿಡುತ್ತೇವೆ. ಬರೆದ ಪ್ರೋಗ್ರಾಮು ಕೊನೆಗೆ ಎಲ್ಲಿ ಓಡಬೇಕೋ ಅಂಥದರಲ್ಲೇ ಬರೆಯುವುದು ಲೇಸು. ಜಾಲತಾಣಗಳನ್ನು ನಡೆಸುವ ಸರ್ವರುಗಳಲ್ಲಿ ಬಹುಪಾಲು ಲಿನಕ್ಸಿನವು. ಕಡತದ ಹೆಸರಿನಲ್ಲಿ ಇಂಗ್ಲಿಷಿನ ದೊಡ್ಡಕ್ಷರ, ಸಣ್ಣಕ್ಷರ ಲಿನಕ್ಸಿಗೆ ಬೇರೆ ಬೇರೆ. ವಿಂಡೋಸು ಸಾಮಾನ್ಯವಾಗಿ ಆ ಭೇದವನ್ನೆಣಿಸದು. ಹೀಗಾಗಿ ವಿಂಡೋಸಿನಲ್ಲಿ ಸರಾಗವಾಗಿ ನಡೆದದ್ದು ಸರ್ವರಿಗೆ ಹೋದೊಡನೆ ಮುಗ್ಗರಿಸುವುದುಂಟು. ಸಾಲಿನ ಕೊನೆಗೆ ವಿಂಡೋಸು ಎರಡು ಗುರುತು ಇಡುತ್ತದೆ, ಲಿನಕ್ಸು ಒಂದನ್ನೇ. ದುಡಿಯುವವರ ಇಡೀ ಮಧ್ಯಾಹ್ನವನ್ನು ನುಂಗುವುದು ಇಂಥ ಚಿಲ್ಲರೆ ತಕರಾರುಗಳೇ! ಮೈಕ್ರೋಸಾಫ್ಟಿನವರೂ 2016ರಲ್ಲಿ ವಿಂಡೋಸಿನೊಳಗೇ ಲಿನಕ್ಸಿನ ಸಲಕರಣೆಗಳು ನಡೆಯುವಂತೆ ಏರ್ಪಾಡು ಮಾಡಿದರು. ಆಫೀಸಿನವರು ವಿಂಡೋಸ್ ಯಂತ್ರವನ್ನೇ ಕೊಟ್ಟರೆ, ಜಗಳವಾಡದೆ ಈ ಏರ್ಪಾಡಿಗೆ ಅನುಮತಿ ಕೇಳಿಕೊಳ್ಳಬಹುದು.

ಮ್ಯಾಕ್ ಕೂಡ ಯುನಿಕ್ಸ್ ವಂಶದ್ದೇ; ಆದರೆ ಬೆಲೆ ಕೇಳಿದರೆ ತಲೆ ತಿರುಗೀತು. ಐಫೋನಿಗೆ ಪ್ರೋಗ್ರಾಮು ಕಟ್ಟುವವರಿಗೆ ಮಾತ್ರ ಅದು ಅನಿವಾರ್ಯವೆನ್ನಬೇಕು. ಅದಕ್ಕೆ ಬೇಕಾದ ಎಕ್ಸ್‌ಕೋಡ್ ಮ್ಯಾಕಿನಲ್ಲಷ್ಟೇ ನಡೆಯುತ್ತದೆ.

ಇನ್ನು ಮನೆಯ ಹಳೆಯ ಲ್ಯಾಪ್‌ಟಾಪು. ವಿಂಡೋಸ್ 10ಕ್ಕೆ ಸಿಗುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಎಂಬ ಭದ್ರತೆಯ ಸೌಕರ್ಯ ಯಂತ್ರದಲ್ಲಿರಬೇಕು. ಇಲ್ಲವೆಂದು ಅದನ್ನು ಭಂಗಾರದವನಿಗೆ ತೂಗಿ ಕೊಡುವ ಅವಸರ ಬೇಡ. ಕಲಿಯುವ ಹುಡುಗನಿಗೆ ಅದರಲ್ಲೇ ಲಿನಕ್ಸ್ ಹಾಕಿಕೊಡಬಹುದು, ಕಾಸು ಖರ್ಚಿಲ್ಲ. ಪವಾಯಿಯ ಐ.ಐ.ಟಿ.ಯವರ ‘ಸ್ಪೋಕನ್ ಟ್ಯುಟೋರಿಯಲ್’ ಯೋಜನೆಯಲ್ಲಿ ಲಿನಕ್ಸಿನ ಪಾಠಗಳು ಕನ್ನಡದಲ್ಲೂ ಇವೆ. ಮರಾಠಿ ಶಾಲೆಯಲ್ಲೋ ಇಂಗ್ಲಿಷ್ ಶಾಲೆಯಲ್ಲೋ ಓದಿದ ಮಕ್ಕಳೊಡನೆ ತಾಯಂದಿರೂ ಕುಳಿತು ಕೇಳಬಹುದು.

ಅಪ್ಪನ ಹಳೆಯ ಕನ್ನಡ ಪತ್ರಗಳು ಅದರಲ್ಲಿ ತೆರೆಯುವುವೇ ಎಂದು ಕೆಲವರು ಕೇಳುತ್ತಾರೆ. ಯುನಿಕೋಡಿನಲ್ಲಿ ಬೆರಳಚ್ಚಾಗಿದ್ದರೆ ಮೂರು ಕಡೆಯೂ ತೆರೆಯುತ್ತವೆ. ಹಳೆಯ ನುಡಿ, ಬರಹ ಫಾಂಟುಗಳಲ್ಲಿದ್ದರೆ ಮೊದಲು ಯುನಿಕೋಡಿಗೆ ಬದಲಾಯಿಸಿಡುವುದು ಒಳ್ಳೆಯದು.

ಲಿನಕ್ಸನ್ನು ಪೆನ್‌ಡ್ರೈವಿನಿಂದಲೇ ನಡೆಸಿ ನೋಡಬಹುದು; ಒಳಗಿನ ವಿಂಡೋಸಿಗೆ ಕೈ ಹಚ್ಚಬೇಕಾಗಿಲ್ಲ. ವೈಫೈ, ಕ್ಯಾಮರಾ, ಧ್ವನಿ ಸರಿಯಿವೆಯೇ ಪರೀಕ್ಷಿಸಿ, ಮದುವೆ ಮುಂಜಿಯ ಫೋಟೋಗಳನ್ನೆಲ್ಲ ಬೇರೆಡೆ ನಕಲು ಮಾಡಿಟ್ಟುಕೊಂಡ ಮೇಲೆ ಮುಂದಿನ ಮಾತು.